1988ಕ್ಕೆ ಜಾರಿದ ಮಳೆ: ಹಳೇ ಲಾಗರಿನ ಫೈಲುಗಳಿಂದ ತಾರೀಖು ಬಿಡಿಸಿದ್ದು

ಚಿಕ್ಕಪ್ಪ ಕೊಟ್ಟ ಪೆನ್‌ಡ್ರೈವಿನಲ್ಲಿ 26 ಫೈಲುಗಳಿದ್ದವು. ಹೆಸರೆಲ್ಲ ಬರೀ ಐದಂಕಿ. 41822, 42310, 43332, ಹೀಗೆ. ಒಂದು ಮಾತ್ರ ಗುಂಪಿಗೆ ಸೇರದ್ದು: 37257. ಆ ಹೆಸರುಗಳನ್ನು ನಾನು ಮೊದಲ ದಿನ ಗಮನಿಸಲೇ ಇಲ್ಲ. ಗಮನಿಸಿದ್ದರೆ ಎರಡು ಭಾನುವಾರ ಉಳಿಯುತ್ತಿತ್ತು.

ಅವರದು ಸಕಲೇಶಪುರದ ಆಚೆ ಕಾಫಿ ತೋಟ. ಕಣದ ಪಕ್ಕ ಒಂದು ಕಬ್ಬಿಣದ ಕಂಬ, ಅದರ ಮೇಲೆ ಮಳೆ ಮಾಪಕ, ಕೆಳಗೆ ಬೂದು ಬಣ್ಣದ ಡಬ್ಬಿ. 2014ರಲ್ಲಿ ಹಾಕಿಸಿದ್ದು. ಮಾಪಕದ ಒಳಗೆ ತಕ್ಕಡಿಯ ಹಾಗೆ ಅತ್ತಿತ್ತ ವಾಲುವ ಪುಟ್ಟ ಬಟ್ಟಲಿದೆ. ಇಂಚಿನ ನೂರನೇ ಒಂದು ಭಾಗ ಮಳೆ ಬಿದ್ದರೆ ಒಂದು ಸಲ ವಾಲುತ್ತದೆ. ಮಲೆನಾಡಿನ ತೋಟದವರ ಲೆಕ್ಕದಲ್ಲಿ ಅದು ಒಂದು ಸೆಂಟ್. ಡಬ್ಬಿಯೊಳಗಿನ ಲಾಗರ್ 15 ನಿಮಿಷಕ್ಕೊಮ್ಮೆ ಎಷ್ಟು ಸಲ ವಾಲಿತು ಅಂತ ಬರೆದಿಟ್ಟುಕೊಳ್ಳುತ್ತದೆ.

ಅದನ್ನು ಓದುವ ಸಾಫ್ಟ್‌ವೇರ್ ವಿಂಡೋಸ್ ಎಕ್ಸ್‌ಪಿ ಇದ್ದ ಹಳೇ ಲ್ಯಾಪ್‌ಟಾಪಿನಲ್ಲಿ ಮಾತ್ರ ಓಡುತ್ತಿತ್ತು. ಲ್ಯಾಪ್‌ಟಾಪ್ ಸತ್ತಿತು. ಮಾರಿದವರ ನಂಬರಿಗೆ ಫೋನ್ ಮಾಡಿದರೆ ಯಾರೋ ಬೇರೆಯವರು ಎತ್ತುತ್ತಾರೆ. ಸೀಡಿ ಎಲ್ಲೋ ಹೋಗಿದೆ.

"ದಿನಾ ಎಷ್ಟು ಮಳೆ ಅನ್ನೋದು ನನ್ನ ಡೈರಿಯಲ್ಲೇ ಇದೆ ಮಾರಾಯ. ನಂಗೆ ಬೇಕಾಗಿರೋದು ಎಷ್ಟು ಗಂಟೆಗೆ ಬಂತು ಅನ್ನೋದು" ಅಂದರು ಚಿಕ್ಕಪ್ಪ. ಏಪ್ರಿಲ್-ಮೇ ಮಳೆ ಸಾಮಾನ್ಯವಾಗಿ ಯಾವ ಹೊತ್ತಿಗೆ ಶುರುವಾಗುತ್ತದೆ ಅಂತ ಗೊತ್ತಾದರೆ ಬೋರ್ಡೋ ದ್ರಾವಣ, ಅಂದರೆ ರೋಗ ತಡೆಯುವ ಔಷಧಿ, ಸಿಂಪಡಿಸುವ ಆಳುಗಳನ್ನು ಯಾವಾಗ ಕರೆಯಬೇಕು ಅನ್ನುವುದು ಗೊತ್ತಾಗುತ್ತದೆ. ಅಂದರೆ ಈ ಕೆಲಸದಲ್ಲಿ ಮಳೆಯ ಅಳತೆಗಿಂತ ಗಂಟೆ ಮುಖ್ಯ. ಗಂಟೆ ತಪ್ಪಿದರೆ ಇಡೀ ಕೆಲಸವೇ ದಂಡ.

ಫೈಲನ್ನು ಅದರ ಒಂದೊಂದು ಬೈಟನ್ನೂ ತೋರಿಸುವ ಹೆಕ್ಸ್ ಎಡಿಟರಿನಲ್ಲಿ ತೆರೆದೆ. ಮೊದಲ 64 ಬೈಟ್ ಒಂದು ಥರ, ಆಮೇಲೆ ಎಂಟೆಂಟು ಬೈಟಿನ ಸಾಲುಗಳು. ಕೊನೆಯ ನಾಲ್ಕು ಬೈಟಿನ ಅರ್ಥ ಬೇಗ ಸಿಕ್ಕಿತು. ಎರಡು ಬೈಟ್ ಟಿಪ್ ಎಣಿಕೆ, ಅಂದರೆ ಬಟ್ಟಲು ಎಷ್ಟು ಸಲ ವಾಲಿತು ಅನ್ನುವುದು, ಬಹುಪಾಲು ಸೊನ್ನೆ. ಇನ್ನೆರಡು ಡಬ್ಬಿಯೊಳಗಿನ ಉಷ್ಣಾಂಶ, ಡಿಗ್ರಿಯ ಹತ್ತನೇ ಭಾಗದಲ್ಲಿ. ಉಳಿದ ಮೊದಲ ನಾಲ್ಕು ಬೈಟ್ ಹೊತ್ತೇ ಇರಬೇಕು.

43332 ಫೈಲಿನ ನಡುವೆ ಕಣ್ಣಿಗೆ ಬಿದ್ದ ಒಂದು ಸಾಲು ತೆಗೆದುಕೊಂಡೆ. ಅದರ ಮೊದಲ ನಾಲ್ಕು ಬೈಟ್ 35, 7, 207, 96. ಹೆಕ್ಸ್ ಬಿಟ್ಟು ಮಾಮೂಲಿ ಅಂಕಿಯಲ್ಲಿ ಬರೆಯುತ್ತಿದ್ದೇನೆ, ಓದಲು ಸುಲಭ.

ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬೈಟುಗಳನ್ನು ಅಂಕಿ ಮಾಡಿಕೊಡುವ ಸ್ಟ್ರಕ್ಟ್ ಮಾಡ್ಯೂಲಿಗೆ ಕೊಟ್ಟು, ಅಭ್ಯಾಸಬಲದಿಂದ ಲಿಟಲ್ ಎಂಡಿಯನ್ ಅಂತ ಓದಿಸಿದೆ. ಅಂದರೆ ಕೊನೆಯ ಬೈಟೇ ಎಲ್ಲಕ್ಕಿಂತ ದೊಡ್ಡ ಸ್ಥಾನ. ಬಂದದ್ದು 1,62,41,80,515. ಯುನಿಕ್ಸ್ ಲೆಕ್ಕದಲ್ಲಿ, ಅಂದರೆ 1970ರ ಜನವರಿ 1ರಿಂದ ಎಣಿಸಿದ ಸೆಕೆಂಡು ಅಂದುಕೊಂಡರೆ, ಅದು 2021ರ ಜೂನ್ 20, ಮಧ್ಯಾಹ್ನ 2:45. ಜೂನ್ ತಿಂಗಳು, ಮಳೆಗಾಲ, ಟಿಪ್ ಎಣಿಕೆಯೂ ಜಾಸ್ತಿ. ಲಾಗರ್ ಯಾವ ವರ್ಷ ನಿಂತಿತು ಅಂತ ಚಿಕ್ಕಪ್ಪನಿಗೂ ನೆನಪಿರಲಿಲ್ಲ. ಸಿಕ್ಕೇಬಿಟ್ಟಿತು ಅಂತ ಎದ್ದು ಹೋಗಿ ಕಾಫಿ ಕುಡಿದು ಬಂದೆ.

ಬಂದು ಮುಂದಿನ ಸಾಲು ಓದಿಸಿದೆ. 35, 7, 210, 228. ಅದು 2091ಕ್ಕೆ ಹಾರಿತು.

ಕಾಲು ಗಂಟೆಯಲ್ಲಿ 70 ವರ್ಷ ಕಳೆಯಲ್ಲ ಅಲ್ವಾ. ಆದರೆ ಮೊದಲ ಸಾಲಿನ ಉತ್ತರ ಎಷ್ಟು ನಂಬುವ ಹಾಗಿತ್ತು ನೋಡಿ. ತಪ್ಪಾಗಿ ಓದಿದರೆ 1743 ಅಂತಲೋ 5000 ಅಂತಲೋ ಬರುತ್ತದೆ, ತಕ್ಷಣ ಗೊತ್ತಾಗುತ್ತದೆ ಅಂದುಕೊಂಡಿದ್ದೆ. 32 ಬಿಟ್ ಸೆಕೆಂಡು ಅಂದರೆ ಒಟ್ಟು 136 ವರ್ಷದಷ್ಟು ಅಗಲ ಅಷ್ಟೇ. ಅದರೊಳಗೆ ಎಲ್ಲಿ ಕಲ್ಲೆಸೆದರೂ ಯಾವುದೋ ಒಂದು ತಾರೀಖಿಗೆ ತಾಗುತ್ತದೆ.

ಹಾಗಾಗಿ ಒಂಟಿ ಸಾಲು ನೋಡುವುದು ಬಿಟ್ಟು ಸಾಲಿಗೂ ಸಾಲಿಗೂ ಇರುವ ವ್ಯತ್ಯಾಸ ನೋಡಿದೆ. ಮೂರನೇ ಸಾಲು 35, 7, 214, 104. ಮೊದಲೆರಡು ಬೈಟ್ ಅಲುಗಾಡುತ್ತಿಲ್ಲ, ಕೊನೆಯದು ಕುಣಿಯುತ್ತಿದೆ. ಅಂದರೆ ದೊಡ್ಡ ಸ್ಥಾನ ಎಡಗಡೆ. ಬಿಗ್ ಎಂಡಿಯನ್ ಅಂತ ಓದಿಸಿದಾಗ ಬಂದದ್ದು 58,77,14,400, ಆಮೇಲೆ 58,77,15,300, ಆಮೇಲೆ 58,77,16,200. ಎಲ್ಲದಕ್ಕೂ ಸರಿಯಾಗಿ 900 ವ್ಯತ್ಯಾಸ. 900 ಸೆಕೆಂಡು, 15 ನಿಮಿಷ. ಇನ್ನೊಂದು ಅನುಮಾನವೂ ಇದರಿಂದಲೇ ತೀರಿತು. ಫ್ಯಾಟ್ (ಪೆನ್‌ಡ್ರೈವುಗಳಲ್ಲಿ ಫೈಲು ಇಡುವ ಹಳೇ ಕ್ರಮ) ಡಿಸ್ಕಿನಲ್ಲಿ ಇರುವ ಹಾಗೆ ವರ್ಷಕ್ಕೆ 7 ಬಿಟ್, ತಿಂಗಳಿಗೆ 4, ದಿನಕ್ಕೆ 5 ಅಂತ ತುಂಡು ಮಾಡಿ ತುಂಬಿದ್ದರೆ ಗಂಟೆ ದಾಟಿದಾಗ, ದಿನ ದಾಟಿದಾಗ ವ್ಯತ್ಯಾಸ ಬೇರೆ ಬೇರೆ ಬರುತ್ತಿತ್ತು. ಸಾವಿರ ಸಾಲು ನೋಡಿದೆ, ಎಲ್ಲೂ 900 ಬಿಟ್ಟು ಬೇರೆ ಇಲ್ಲ. ಇದು ಸುಮ್ನೆ ಸೆಕೆಂಡು ಎಣಿಸುವ ಅಂಕಿ.

(ಬಿಗ್ ಎಂಡಿಯನ್ ಯಾಕೆ ಅನ್ನುವುದು ಡಬ್ಬಿ ಬಿಚ್ಚಿದ ಮೇಲೆ ಗೊತ್ತಾಯಿತು. ಒಳಗೆ 8051 ಜಾತಿಯ ಎಟಿ89ಎಸ್52 ಚಿಪ್ ಕೂತಿತ್ತು. ಆ ಚಿಪ್ಪಿಗೆ ಪ್ರೋಗ್ರಾಂ ಬರೆಯಲು ನಮ್ಮ ಕಾಲೇಜು ಲ್ಯಾಬುಗಳಲ್ಲೂ ಬಳಸುತ್ತಿದ್ದ ಕೈಲ್ ಕಂಪೈಲರ್ ದೊಡ್ಡ ಬೈಟನ್ನೇ ಮೊದಲು ಇಡುತ್ತದೆ.)

ಯುನಿಕ್ಸ್ ಲೆಕ್ಕದಲ್ಲಿ 58,77,14,400 ಯಾವತ್ತು? 1988ರ ಆಗಸ್ಟ್ 16. ನನ್ನ ಲ್ಯಾಪ್‌ಟಾಪ್ ಭಾರತದ ಸಮಯದಲ್ಲಿ ತೋರಿಸಿದ್ದು ಬೆಳಿಗ್ಗೆ 11:30. ಆ ಫೈಲಿನ ಸುಮಾರು ಅರ್ಧ ಆಗಸ್ಟಿನಲ್ಲೇ ಇತ್ತು, ಮಳೆಯೂ ವಿಪರೀತ. 1988ರಲ್ಲಿ ಈ ಲಾಗರ್ ಇರಲಿಲ್ಲ. 30 ವರ್ಷ ಸೇರಿಸಿದರೆ 2018ರ ಆಗಸ್ಟ್ 16. ಕೊಡಗಿನಲ್ಲಿ ಗುಡ್ಡಗಳು ಕುಸಿದ ವಾರ. ಶಿರಾಡಿ ಘಾಟಿಯಲ್ಲೂ ಮಣ್ಣು ಜಾರಿತ್ತು. ಇಲ್ಲಿ ಮೈ ಜುಂ ಅಂದಿತು, ಸುಳ್ಳು ಹೇಳುವುದಿಲ್ಲ.

ಆಮೇಲೆ ಮಾಡಿದ್ದು ನನ್ನ ಸೋಮಾರಿತನ. ಯುನಿಕ್ಸ್ ಅಂತಲೇ ತಾರೀಖಿಗೆ ಬದಲಿಸಿ, ಬಂದ ವರ್ಷಕ್ಕೆ 30 ಕೂಡಿಸಿದೆ. ಆಗಸ್ಟ್ 16ಕ್ಕೆ ಸರಿ ಬಂತಲ್ಲ, ಸಾಕು ಅಂತ. 26 ಫೈಲನ್ನೂ ಒಟ್ಟಿಗೆ ಓಡಿಸಿದೆ. ಅರ್ಧ ದಾರಿಯಲ್ಲಿ ಪೈಥಾನ್ ನಿಂತಿತು. ಆ ತಿಂಗಳಲ್ಲಿ ಅಂಥ ದಿನವೇ ಇಲ್ಲ ಅನ್ನುವ ದೂರು. ನಿಂತ ಸಾಲು ತೆಗೆದು ನೋಡಿದರೆ 1988ರ ಫೆಬ್ರವರಿ 29. 30 ಕೂಡಿಸಿದರೆ 2018ರ ಫೆಬ್ರವರಿ 29. ಅಂಥ ದಿನ ಇರಲೇ ಇಲ್ಲ.

ಒಂದು ಸಾಲು ಬಿಟ್ಟು ಮುಂದೆ ಹೋಗೋಣ ಅಂತ ಮನಸ್ಸು ಹೇಳಿತು. ಪುಣ್ಯಕ್ಕೆ ಕಾಗದ ತೆಗೆದುಕೊಂಡೆ. 1970ರಿಂದ ಎಣಿಸಿದರೆ ಅಧಿಕ ವರ್ಷಗಳು 1972, 1976, 1980. 2000ದಿಂದ ಎಣಿಸಿದರೆ 2000, 2004, 2008. ಮೂವತ್ತು ವರ್ಷದ ಅಂತರ ನಾಲ್ಕರಿಂದ ಭಾಗವಾಗುವುದಿಲ್ಲ. ಹಾಗಾಗಿ ಫೆಬ್ರವರಿ 29 ಎರಡು ಕಡೆಯೂ ಬೇರೆ ಬೇರೆ ಜಾಗಕ್ಕೆ ಬೀಳುತ್ತದೆ. ಲೆಕ್ಕ ಹಾಕಿದರೆ 2016ರ ಫೆಬ್ರವರಿ 29ರಿಂದ 2018ರ ಫೆಬ್ರವರಿ 28ರವರೆಗೆ, ಎರಡು ಇಡೀ ವರ್ಷ, ನನ್ನ ತಾರೀಖುಗಳೆಲ್ಲ ಒಂದು ದಿನ ಮುಂದೆ. ಅದಾದ ಮೇಲೆ ತಾನಾಗಿಯೇ ಸರಿಹೋಗುತ್ತದೆ. ಆಗಸ್ಟ್ 2018 ನೋಡಿ ಸರಿ ಅಂತ ಒಪ್ಪಿಕೊಂಡಿದ್ದೆನಲ್ಲ, ಆ ಜಾಗ ಸುಮ್ನೆ ಅದೃಷ್ಟದಿಂದ ಸರಿಯಿತ್ತು. ಪ್ರೋಗ್ರಾಂ ಬಿದ್ದದ್ದು ಒಂದೇ ದಿನದ ಸಾಲುಗಳ ಮೇಲೆ. ಬೀಳದೆ ತಪ್ಪಾದ ಸಾಲುಗಳು ಎಪ್ಪತ್ತು ಸಾವಿರದಷ್ಟು.

ಆದ್ದರಿಂದ ವರ್ಷವನ್ನು ಮುಟ್ಟಬಾರದು, ಬುಡವನ್ನೇ, ಅಂದರೆ ಎಣಿಕೆ ಶುರುವಾಗುವ ತಾರೀಖನ್ನೇ, ಬದಲಿಸಬೇಕು. 1970ರ ಜನವರಿ 1ಕ್ಕೂ 2000ದ ಜನವರಿ 1ಕ್ಕೂ ನಡುವೆ 10,957 ದಿನ, 94,66,84,800 ಸೆಕೆಂಡು. ಅದನ್ನು ಕೂಡಿಸಿ ಮತ್ತೆ ಓಡಿಸಿದೆ. ಎಲ್ಲೂ ನಿಲ್ಲಲಿಲ್ಲ.

ಬುಡ ಅನ್ನುವುದು ಪ್ರತಿ ಮನೆಗೂ ಬೇರೆ. ಇಂಥ ಕೆಲಸ ಮಾಡುವಾಗ ಮೇಜಿನ ಮುಂದಿನ ಗೋಡೆಗೆ ಒಂದು ಚೀಟಿ ಅಂಟಿಸಿಕೊಂಡಿರುತ್ತೇನೆ. ಯುನಿಕ್ಸ್ 1970. ಫ್ಯಾಟ್ 1980, ಅದೂ ಎರಡು ಸೆಕೆಂಡಿನ ಮೆಟ್ಟಿಲು, ಅದಕ್ಕೇ ಪೆನ್‌ಡ್ರೈವಿನಲ್ಲಿ ಬೆಸ ಸೆಕೆಂಡಿನಲ್ಲಿ ತಿದ್ದಿದ ಫೈಲು ಕಾಣುವುದಿಲ್ಲ. ವಿಂಡೋಸಿನ ಫೈಲ್‌ಟೈಮ್ 1601ರಿಂದ, 100 ನ್ಯಾನೋ ಸೆಕೆಂಡಿನ ಲೆಕ್ಕ. ಎಂಪಿ4 ವೀಡಿಯೋದೊಳಗೆ 1904. ಗಾರ್ಮಿನ್ ವಾಚಿನ ಫಿಟ್ ಫೈಲಿನಲ್ಲಿ 1989ರ ಡಿಸೆಂಬರ್ 31. ಜಿಪಿಎಸ್‌ಗೆ 1980ರ ಜನವರಿ 6, ಹಳೆಯ ಸಂದೇಶದಲ್ಲಿ ವಾರಕ್ಕೆ ಹತ್ತೇ ಬಿಟ್ ಆದ್ದರಿಂದ 1024 ವಾರಕ್ಕೊಮ್ಮೆ ಸೊನ್ನೆಗೆ ಬರುತ್ತದೆ. 2019ರ ಏಪ್ರಿಲ್‌ನಲ್ಲಿ ಹಾಗೆ ಬಂದಾಗ ಎಷ್ಟೋ ಹಳೇ ರಿಸೀವರುಗಳು ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ಹೋದವು. 2000 ಅನ್ನುವ ಬುಡ ಸಣ್ಣ ಎಂಬೆಡೆಡ್ ಬೋರ್ಡುಗಳಲ್ಲಿ ಮಾಮೂಲಿ.

ಗಂಟೆವಾರು ಪಟ್ಟಿ ಮಾಡಿ ವಾಟ್ಸಾಪಿನಲ್ಲಿ ಚಿಕ್ಕಪ್ಪನಿಗೆ ಕಳಿಸಿದೆ. ಏಪ್ರಿಲ್-ಮೇ ಮಳೆ ಬಹುಪಾಲು ರಾತ್ರಿ ಎಂಟೂವರೆಯಿಂದ ಹನ್ನೆರಡೂವರೆ ಅಂತ ಇತ್ತು. ಹತ್ತು ನಿಮಿಷದಲ್ಲಿ ಫೋನ್ ಬಂತು.

"ಏನಪ್ಪಾ ಇದು? ಊಟ ಮಾಡಿ ಮಲಗೋ ಹೊತ್ತಿಗಾ? ಸಂಜೆ ಕಾಫಿ ಹೊತ್ತಿಗೆ ಗುಡುಗು ಶುರುವಾಗುತ್ತೆ ನಮ್ಮಲ್ಲಿ. ಏಳು ಗಂಟೆಗೆಲ್ಲ ಹೊಳವಾಗಿರುತ್ತೆ."

"ಕಂಪ್ಯೂಟರ್ ಲೆಕ್ಕ ಚಿಕ್ಕಪ್ಪ..."

"ನಿನ್ನ ಕಂಪ್ಯೂಟರ್ ಇಲ್ಲಿ ನೆಂದಿದೆಯಾ?"

ಉತ್ತರ ಇರಲಿಲ್ಲ. ತಪ್ಪು ಎಷ್ಟು ಅನ್ನುವುದು ಅಂದಾಜಿಗೆ ಸಿಕ್ಕಿತು, ಐದೂವರೆ ಗಂಟೆ. ಆದರೆ ಸುಮ್ನೆ ಐದೂವರೆ ಕಳೆದು ಕೈ ತೊಳೆದುಕೊಳ್ಳಲು ಮನಸ್ಸಾಗಲಿಲ್ಲ. ವರ್ಷಕ್ಕೆ 30 ಕೂಡಿಸಿ ಈಗಷ್ಟೇ ಪೆಟ್ಟು ತಿಂದಿದ್ದೆ. ಫೈಲಿನೊಳಗೇ ಏನಾದರೂ ಸಾಕ್ಷಿ ಇದೆಯಾ ಅಂತ ಆ ಮೊದಲ 64 ಬೈಟಿಗೆ ಹೋದೆ.

ಅಲ್ಲಿ ಲಾಗರಿನ ಸೀರಿಯಲ್ ನಂಬರ್, ಆಮೇಲೆ ಎಂಟು ಬೈಟ್: 0, 0, 0, 0, 150, 40, 229, 64. ಬೇರೆ ಫೈಲುಗಳಲ್ಲೂ ಅದೇ ಜಾಗದಲ್ಲಿ ಕೊನೆಗೆ 64, ಅದರ ಹಿಂದೆ ಬಹುಪಾಲು 228 ಅಥವಾ 229. ಈ 64ರ ಬಾಲ ನೋಡಿದರೆ ಅದು ದಶಾಂಶ ಇರುವ ಅಂಕಿ, ಎಂಟು ಬೈಟಿನ ಡಬಲ್, ಅಂತ ಊಹಿಸಬಹುದು. ಇದು ಇಂಟೆಲ್ ಯಂತ್ರ ಬರೆದದ್ದು, ಹಾಗಾಗಿ ಲಿಟಲ್ ಎಂಡಿಯನ್. ಒಂದೇ ಫೈಲಿನಲ್ಲಿ ತಲೆ ಒಂದು ಕಡೆ, ಬಾಲ ಒಂದು ಕಡೆ. ತಲೆಯನ್ನು ಬರೆದದ್ದು ಲ್ಯಾಪ್‌ಟಾಪ್, ಉಳಿದದ್ದನ್ನು ಡಬ್ಬಿ.

ಓದಿಸಿದೆ. 43332.6875.

ಫೈಲಿನ ಹೆಸರು 43332! ಇದು ಎಕ್ಸೆಲ್‌ನಲ್ಲಿ ತಾರೀಖಿನ ಕೋಶವನ್ನು ಅಂಕಿ ಮಾಡಿದಾಗ ಬರುವ ಸಂಖ್ಯೆ. ವಿಷುಯಲ್ ಬೇಸಿಕ್‌ನಲ್ಲಿ ಬರೆದ ಸಾಫ್ಟ್‌ವೇರ್ ಇರಬೇಕು. ಅದರಲ್ಲಿ ತಾರೀಖು ಅಂದರೆ 1899ರ ಡಿಸೆಂಬರ್ 30ರಿಂದ ಕಳೆದ ದಿನಗಳು, ದಶಾಂಶದ ಭಾಗ ದಿನದ ಎಷ್ಟು ಭಾಗ ಕಳೆದಿದೆ ಅನ್ನುವುದು. 1900ರ ಜನವರಿ 1 ಬಿಟ್ಟು ಡಿಸೆಂಬರ್ 30 ಯಾಕೆ? ಹಳೆಯ ಲೋಟಸ್ 1-2-3 ಅನ್ನುವ ಲೆಕ್ಕದ ಹಾಳೆ 1900ನ್ನು ಅಧಿಕ ವರ್ಷ ಅಂದುಕೊಂಡಿತ್ತು. ಅದರ ಫೈಲುಗಳು ಓಡಲಿ ಅಂತ ಎಕ್ಸೆಲ್ ಆ ತಪ್ಪನ್ನೂ ಉಳಿಸಿಕೊಂಡಿತು. ವಿಷುಯಲ್ ಬೇಸಿಕ್ ತಪ್ಪು ಒಪ್ಪಲಿಲ್ಲ, ಆದರೆ 1900ರ ಮಾರ್ಚ್‌ನಿಂದ ಈಚೆ ಅಂಕಿಗಳು ತಾಳೆಯಾಗಲಿ ಅಂತ ಬುಡವನ್ನು ಒಂದು ದಿನ ಹಿಂದಕ್ಕೆ ಸರಿಸಿತು.

43332.6875 ಅಂದರೆ 2018ರ ಆಗಸ್ಟ್ 20, ಸಂಜೆ 4:30. ಚಿಕ್ಕಪ್ಪ ಫೈಲ್ ಇಳಿಸಿಕೊಂಡ ಕ್ಷಣ, ಲ್ಯಾಪ್‌ಟಾಪಿನ ಗಡಿಯಾರದಲ್ಲಿ. ಅದೇ ಫೈಲಿನ ಕೊನೆಯ ಸಾಲಿನ ಅಂಕಿ 58,80,96,900. ಈಗ ಎರಡು ಗಡಿಯಾರ ಎದುರುಬದುರು ಸಿಕ್ಕವು.

ಲ್ಯಾಪ್‌ಟಾಪಿನ 4:30 ಭಾರತದ ಸಮಯ. ಯುನಿಕ್ಸ್ ಲೆಕ್ಕಕ್ಕೆ ತಂದರೆ 1,53,47,62,800. ಅದರಿಂದ ಕೊನೆಯ ಸಾಲಿನ ಅಂಕಿ ಕಳೆದರೆ 94,66,65,900. ನಾನು ಕೂಡಿಸುತ್ತಿದ್ದ ಬುಡ 94,66,84,800. ವ್ಯತ್ಯಾಸ 18,900 ಸೆಕೆಂಡು, ಅಂದರೆ 5 ಗಂಟೆ 15 ನಿಮಿಷ. ಐದೂವರೆ ಗಂಟೆಗೆ ಕಾಲು ಗಂಟೆ ಕಮ್ಮಿ. ಆ ಕಾಲು ಗಂಟೆ ಸಹಜ. ಕೊನೆಯ ಸಾಲು 4:15ರದ್ದು, ಇಳಿಸಿಕೊಂಡದ್ದು 4:30ಕ್ಕೆ. ಉಳಿದ ಐದೂವರೆ ಗಂಟೆ ಭಾರತಕ್ಕೂ ಗ್ರೀನಿಚ್‌ಗೂ ಇರುವ ಅಂತರ. ಡಬ್ಬಿಗೆ ಗ್ರೀನಿಚ್ ಗೊತ್ತೇ ಇಲ್ಲ. ಅದು ಎಣಿಸುತ್ತಿದ್ದುದು ಇಲ್ಲಿಯ ಗೋಡೆ ಗಡಿಯಾರದ ಸೆಕೆಂಡುಗಳನ್ನು. ನಾನು ಯುನಿಕ್ಸ್ ಬುಡ ಕೂಡಿಸಿದ ಕೂಡಲೇ ಪೈಥಾನ್ ಅದನ್ನು ಗ್ರೀನಿಚ್ ಸಮಯ ಅಂದುಕೊಂಡು, ನನಗೆ ಉಪಕಾರ ಮಾಡಲು ಇನ್ನೊಂದು ಐದೂವರೆ ಸೇರಿಸುತ್ತಿತ್ತು.

ಹಾಗಾಗಿ ಯುನಿಕ್ಸ್ ದಾರಿಯನ್ನೇ ಬಿಟ್ಟೆ. 2000ದ ಜನವರಿ 1, ಸೊನ್ನೆ ಗಂಟೆ ಅನ್ನುವ, ಯಾವ ವಲಯವೂ ಇಲ್ಲದ ಒಂದು ತಾರೀಖು ಇಟ್ಟುಕೊಂಡು ಅದಕ್ಕೆ ಸೆಕೆಂಡು ಕೂಡಿಸಿದೆ. ಬಂದ ಉತ್ತರಕ್ಕೆ ಕೊನೆಯಲ್ಲಿ +05:30 ಅಂತ ಹಣೆಪಟ್ಟಿ ಹಚ್ಚಿದೆ. ಗಂಟೆ ಬದಲಿಸಲಿಲ್ಲ, ಹಣೆಪಟ್ಟಿ ಮಾತ್ರ. ಬೇಸಿಗೆಗೊಂದು ಚಳಿಗಾಲಕ್ಕೊಂದು ಅಂತ ಗಡಿಯಾರ ತಿರುಗಿಸುವ ದೇಶದಲ್ಲಾಗಿದ್ದರೆ ಇಷ್ಟಕ್ಕೆ ಮುಗಿಯುತ್ತಿರಲಿಲ್ಲ. ಈಗ ಏಪ್ರಿಲ್-ಮೇ ಮಳೆ ಮೂರರಿಂದ ಏಳರ ನಡುವೆ ಬಂದು ಕೂತಿತು. ಚಿಕ್ಕಪ್ಪ "ಹ್ಞಾಂ" ಅಂದರು, ಅಷ್ಟೇ.

ಬುಡ 2000 ಅನ್ನುವುದಕ್ಕೆ ಇನ್ನೊಂದು ಸಾಕ್ಷಿ ಕೊನೆಯ ಫೈಲಿನಲ್ಲಿ ಸಿಕ್ಕಿತು. 43640, ಅಂದರೆ 2019ರ ಜೂನ್ 24. ಅದರ ನಡುವೆ ಒಂದು ಕಡೆ ಅಂಕಿ ದಿಢೀರನೆ 0, 0, 3, 132ಕ್ಕೆ ಬೀಳುತ್ತದೆ. ಲೆಕ್ಕ ಹಾಕಿದರೆ 900. ಆಮೇಲೆ 1800, 2700. ಡಬ್ಬಿಯ ಗಡಿಯಾರದ ಚಿಪ್ ಡಿಎಸ್1307. ಅದರ ಬಿಲ್ಲೆ ಸೆಲ್ ಸತ್ತು, ದೊಡ್ಡ ಬ್ಯಾಟರಿಯೂ ಇಳಿದರೆ, ಮತ್ತೆ ಕರೆಂಟು ಬಂದಾಗ ಅದು ಸಾಮಾನ್ಯವಾಗಿ 00ನೇ ವರ್ಷದ ಜನವರಿ 1ರಿಂದ ಶುರುಮಾಡುತ್ತದೆ. ಅಲ್ಲಿಂದ ಕಾಲು ಗಂಟೆಗೆ 900 ಬಂದಿದೆ ಅಂದರೆ ಬುಡ ಅದೇ. ಆ ತುಂಡಿನಲ್ಲಿ 2,112 ಸಾಲು, ಸರಿಯಾಗಿ 22 ದಿನ. ಕೊನೆಯ ಸಾಲನ್ನು ತಲೆಯಲ್ಲಿರುವ ಜೂನ್ 24ಕ್ಕೆ ಕಟ್ಟಿ ಹಿಂದಕ್ಕೆ ಎಳೆದೆ.

ಆಮೇಲೆ ಡೈರಿಯ ಜೊತೆ ತಾಳೆ ನೋಡುವ ಕೆಲಸ. ಮೊದಲ ಸಲ ನೋಡಿದಾಗ ಅರ್ಧಕ್ಕರ್ಧ ದಿನ ಹೊಂದಲಿಲ್ಲ. ಲಾಗರಿನಲ್ಲಿ 9ನೇ ತಾರೀಖು ಸಂಜೆ ಬಿದ್ದ ಮಳೆ ಡೈರಿಯಲ್ಲಿ 10ರಂದು. ಮತ್ತೆ ಒಂದು ದಿನದ ತಪ್ಪಾ ಅಂತ ಎದೆ ಧಸಕ್ಕೆಂದಿತು. ಕಾರಣ ಚಿಕ್ಕಪ್ಪನ ಅಭ್ಯಾಸ. ಬೆಳಿಗ್ಗೆ ಎಂಟೂವರೆಗೆ ಗಾಜಿನ ಅಳತೆಯಲ್ಲಿ ನೀರು ಅಳೆದು ಅವತ್ತಿನ ತಾರೀಖಿಗೆ ಬರೆಯುತ್ತಾರೆ. ಹವಾಮಾನ ಇಲಾಖೆಯ ಕ್ರಮವೂ ಅದೇ, ಬೆಳಿಗ್ಗೆ 8:30ಕ್ಕೆ ಮುಗಿಯುವ 24 ಗಂಟೆಯ ಮಳೆ. ಗ್ರೀನಿಚ್‌ನಲ್ಲಿ ಅದು ಸರಿಯಾಗಿ 3 ಗಂಟೆ. ಅಂದರೆ ಮಳೆಯ ದಿನ ನಡುರಾತ್ರಿಗೆ ಬದಲಾಗುವುದಿಲ್ಲ.

ಇಲ್ಲೊಂದು ಕೂದಲೆಳೆಯ ಪ್ರಶ್ನೆ. 8:30 ಅಂತ ಇರುವ ಸಾಲಿನ ಟಿಪ್ಪುಗಳು 8:15ರಿಂದ 8:30ರವರೆಗಿನವಾ, ಇಲ್ಲಾ 8:30ರಿಂದ 8:45ರವರೆಗಿನವಾ? ಫೈಲ್ ನೋಡಿ ಹೇಳಲು ಆಗುವುದಿಲ್ಲ. ಅದಕ್ಕೆ ತೋಟಕ್ಕೇ ಹೋಗಬೇಕಾಯಿತು. ಹೇಗೂ ಡಬ್ಬಿ ರಿಪೇರಿ ಬಾಕಿ ಇತ್ತು.

ಮುಚ್ಚಳ ತೆಗೆದರೆ ಹಲ್ಲಿ ಮೊಟ್ಟೆ, ಒಣಗಿದ ಇರುವೆಗಳು. ಮಾಪಕದ ಆಲಿಕೆಯ ತೂತಿಗೆ ಜೇಡ ಬಲೆ ಕಟ್ಟಿತ್ತು. ಸಿಆರ್2032 ಸೆಲ್ ಅಳೆದರೆ 1.1 ವೋಲ್ಟ್. ಹೊಸದು 3 ವೋಲ್ಟ್ ಇರಬೇಕು. ಸೆಲ್ ಬದಲಿಸಿದೆ, ದೊಡ್ಡ ಬ್ಯಾಟರಿಯನ್ನೂ ಬದಲಿಸಿದೆ. ಆದರೆ ಗಡಿಯಾರಕ್ಕೆ ಸಮಯ ಕೊಡುವ ಸಾಫ್ಟ್‌ವೇರೇ ಇಲ್ಲವಲ್ಲ. 8051 ಚಿಪ್ಪನ್ನು ರೀಸೆಟ್‌ನಲ್ಲೇ ಹಿಡಿದಿಟ್ಟು, ಆರ್ಡುಯಿನೋ ಅನ್ನುವ ಪುಟ್ಟ ಬೋರ್ಡಿನಿಂದ ಎರಡು ತಂತಿ ಎಳೆದು ಡಿಎಸ್1307 ಜೊತೆ ನೇರವಾಗಿ ಮಾತಾಡಿದೆ.

ಸಂಜೆ 4:40. ಗಂಟೆಗೆ 16, ನಿಮಿಷಕ್ಕೆ 40 ಬರೆದೆ. ಡಬ್ಬಿ ಚಾಲೂ ಮಾಡಿ ಅದರ ಪುಟ್ಟ ಡಿಸ್‌ಪ್ಲೇ ನೋಡಿದರೆ 10:28.

ಒಂದು ನಿಮಿಷ ಏನೂ ಅರ್ಥ ಆಗಲಿಲ್ಲ. ಆಮೇಲೆ ನಗು ಬಂತು. ಈ ಚಿಪ್ ಅಂಕಿಗಳನ್ನು ಬಿಸಿಡಿಯಲ್ಲಿ ಇಡುತ್ತದೆ, ಅಂದರೆ ಹತ್ತರ ಸ್ಥಾನಕ್ಕೆ ನಾಲ್ಕು ಬಿಟ್, ಬಿಡಿಯ ಸ್ಥಾನಕ್ಕೆ ನಾಲ್ಕು ಬಿಟ್. ನಾನು ಕೊಟ್ಟ 16 ಅದಕ್ಕೆ ಒಂದು ಹದಿನಾರು, ಸೊನ್ನೆ ಬಿಡಿ: 10. 40 ಅದಕ್ಕೆ ಎರಡು ಹದಿನಾರು, ಎಂಟು ಬಿಡಿ: 28. ಇದೂ ನಂಬುವಂಥ ಸಮಯವೇ! ಡಿಸ್‌ಪ್ಲೇ ಇಲ್ಲದ ಡಬ್ಬಿಯಾಗಿದ್ದರೆ ಹಾಗೇ ಮುಚ್ಚಿ ಬಂದುಬಿಡುತ್ತಿದ್ದೆ. 16ರ ಬದಲು 22, 40ರ ಬದಲು 64 ಬರೆದ ಮೇಲೆ ಸರಿಹೋಯಿತು.

ಮರುದಿನ ಬೆಳಿಗ್ಗೆ 10:05ಕ್ಕೆ ಆಲಿಕೆಗೆ ನೀರು ಹನಿಸಿದೆ, ಬಟ್ಟಲು ಹನ್ನೆರಡು ಸಲ ವಾಲುವವರೆಗೆ. ಮೆಮೊರಿ ಓದಿದರೆ 12 ಇದ್ದದ್ದು 10:15ರ ಸಾಲಿನಲ್ಲಿ. ಅಂದರೆ ಸಮಯ ಕಾಲು ಗಂಟೆಯ ಕೊನೆಯದು. ಹಾಗಾದರೆ 8:30ರ ಸಾಲು ಮುಗಿಯುತ್ತಿರುವ ದಿನಕ್ಕೇ ಸೇರಬೇಕು. ಇದನ್ನು ತಿದ್ದಿದ ಮೇಲೆ ಡೈರಿಗೂ ಲಾಗರಿಗೂ ಎರಡು ಮೂರು ಸೆಂಟಿನ ಒಳಗೆ ತಾಳೆ ಬಂತು. ಜಡಿಮಳೆಯ ದಿನಗಳಲ್ಲಿ ಮಾತ್ರ ಲಾಗರ್ ಕಮ್ಮಿ ತೋರಿಸುತ್ತದೆ. ಬಟ್ಟಲು ವಾಲುವ ಹೊತ್ತಿನಲ್ಲೂ ನೀರು ಬೀಳುತ್ತಲೇ ಇರುತ್ತದೆ, ಅದು ಲೆಕ್ಕಕ್ಕೆ ಸಿಗುವುದಿಲ್ಲ.

ಕೆಲವು ಫೈಲುಗಳಲ್ಲಿ ನಡುವೆ ಸಮಯ 85 ದಿನ 7 ಗಂಟೆ 45 ನಿಮಿಷ ಹಿಂದಕ್ಕೆ ನೆಗೆಯುತ್ತಿತ್ತು. ಇದು ಗಡಿಯಾರದ ತಪ್ಪಲ್ಲ. ಮೆಮೊರಿ ಚಿಪ್ 24ಎಲ್‌ಸಿ512, ಅದರಲ್ಲಿ 65,536 ಬೈಟ್, ಎಂಟರಂತೆ 8,192 ಸಾಲು. ತುಂಬಿದ ಮೇಲೆ ಮೊದಲಿನಿಂದ ಮೇಲೇ ಬರೆಯುತ್ತದೆ. ಚಿಕ್ಕಪ್ಪ ಇಳಿಸಿಕೊಳ್ಳಲು ತಡಮಾಡಿದಾಗಲೆಲ್ಲ ಹೀಗಾಗಿದೆ. ಸಮಯದ ಪ್ರಕಾರ ವಿಂಗಡಿಸಿದರೆ ಸರಿಹೋಗುತ್ತದೆ. ಆದರೆ ಗಡಿಯಾರ ಸೊನ್ನೆಗೆ ಬಿದ್ದ ಫೈಲನ್ನು ಹಾಗೆ ವಿಂಗಡಿಸಿದರೆ ಜೂನ್ ತಿಂಗಳು ಎಲ್ಲಕ್ಕಿಂತ ಮೊದಲು ಬಂದು ಕೂರುತ್ತದೆ. ಮೊದಲು ನೆಗೆತ ಇರುವಲ್ಲೆಲ್ಲ ಕತ್ತರಿಸಿ, ಆಮೇಲೆ ಜೋಡಿಸಿದೆ.

ಕೊನೆಗೆ ಉಳಿದದ್ದು 37257. ಈಗ ಹೆಸರು ಓದಲು ಬರುತ್ತದಲ್ಲ, ಅದು 2002ರ ಜನವರಿ 1. ಲಾಗರ್ ಇಲ್ಲದ ಕಾಲ. ಚಿಕ್ಕಪ್ಪನನ್ನು ಕೇಳಿದೆ. ಕೊನೆಯ ಫೈಲಿಗೆ ಮುಂಚೆ ಕೆಲವು ತಿಂಗಳು ಲ್ಯಾಪ್‌ಟಾಪಿನೊಳಗಿನ ಸೆಲ್ಲೂ ಸತ್ತು, ಹಚ್ಚಿದಾಗಲೆಲ್ಲ ಅದೇ ತಾರೀಖು ತೋರಿಸುತ್ತಿತ್ತಂತೆ. "ಈ ಹೆಸರಿನ ಫೈಲು ಆಗಲೇ ಇದೆ, ಬದಲಿಸಲಾ ಅಂತ ಕೇಳ್ತಿತ್ತು. ನಾನು ಯೆಸ್ ಒತ್ತುತ್ತಿದ್ದೆ." ಹಾಗಾಗಿ ಕೆಲವು ತಿಂಗಳು ಒಂದರ ಮೇಲೊಂದು ಅಳಿಸಿಹೋಗಿವೆ, ಕೊನೆಯದು ಉಳಿದಿದೆ. ಸಾಲದ್ದಕ್ಕೆ ಆ ಸಾಫ್ಟ್‌ವೇರ್ ಪ್ರತಿ ಸಲ ಲಾಗರಿನ ಗಡಿಯಾರವನ್ನು ಲ್ಯಾಪ್‌ಟಾಪಿಗೆ ಹೊಂದಿಸುತ್ತಿತ್ತು. ಸರಿಯಿದ್ದ ಗಡಿಯಾರವನ್ನೂ ಕೆಡಿಸಿ ಕಳಿಸಿದೆ. ಮುಂದಿನ ಫೈಲಿನಿಂದ ಹಿಂದಕ್ಕೆ ಎಳೆಯೋಣ ಅಂದರೆ ಅದು ಸೊನ್ನೆಗೆ ಬಿದ್ದ ಫೈಲ್. ಎಷ್ಟು ದಿನ ಕರೆಂಟಿಲ್ಲದೆ ಬಿದ್ದಿತ್ತೋ ಯಾರಿಗೆ ಗೊತ್ತು.

ಎರಡೂ ಗಡಿಯಾರ ಸುಳ್ಳು ಹೇಳುವಾಗ ಯಾರನ್ನು ಕೇಳುವುದು? ಎರಡು ದಿನ ಯೋಚಿಸಿದೆ. ಆಮೇಲೆ ಉಷ್ಣಾಂಶದ ಎರಡು ಬೈಟ್ ನೆನಪಾಯಿತು. ದಿನದಲ್ಲಿ ಎಲ್ಲಕ್ಕಿಂತ ತಂಪು ಹೊತ್ತು ಸೂರ್ಯ ಹುಟ್ಟುವ ಆಸುಪಾಸು. ಸರಿಯಾದ ಫೈಲುಗಳಲ್ಲಿ ಬೇಸಿಗೆ ದಿನಗಳ ಸರಾಸರಿ ತೆಗೆದೆ, ಸುಮಾರು 6:15ಕ್ಕೆ ತಳ ಮುಟ್ಟುತ್ತದೆ. 37257ರಲ್ಲಿ ತಳ ಇದ್ದದ್ದು ಮಧ್ಯಾಹ್ನ 1:30ಕ್ಕೆ. ಅಂದರೆ 16 ಗಂಟೆ 45 ನಿಮಿಷ ಕೂಡಿಸಬೇಕು. ಈ ಫೈಲಿನ ಸಮಯ ಶುರುವಾಗುವುದು ಜನವರಿ 1ರ 00:15ಕ್ಕೆ. ಕೂಡಿಸಿದರೆ ಸಂಜೆ ಐದು. ಚಿಕ್ಕಪ್ಪ ಕಾಫಿ ಕುಡಿದು ಲ್ಯಾಪ್‌ಟಾಪ್ ಹಿಡಿದು ಕಣಕ್ಕೆ ಹೋಗುವ ಹೊತ್ತು ಅದೇ!

ಗಂಟೆ ಸಿಕ್ಕಿತು, ದಿನ ಸಿಗಬೇಕು. 65 ದಿನದ ಫೈಲಿನಲ್ಲಿ ಮಳೆ ಬಂದದ್ದು ಏಳೇ ದಿನ. ಅವುಗಳ ನಡುವಿನ ಅಂತರಗಳನ್ನು ಡೈರಿಯ ಮೇಲೆ ಒಂದೊಂದೇ ದಿನ ಸರಿಸುತ್ತಾ ಹೋದೆ, 2018ರ ಆಗಸ್ಟಿನಿಂದ 2019ರ ಜೂನ್‌ವರೆಗೆ. ಒಂದೇ ಒಂದು ಕಡೆ ಏಳಕ್ಕೆ ಏಳೂ ಕೂತವು, ಸೆಂಟಿನ ಲೆಕ್ಕವೂ ಹತ್ತಿರ ಹತ್ತಿರ. ಅಲ್ಲಿ ಡೈರಿಯ ಅಂಚಿನಲ್ಲಿ ಚಿಕ್ಕಪ್ಪನ ಅಕ್ಷರದಲ್ಲಿ "ಸ್ಪ್ರಿಂಕ್ಲರ್ ಮುಗಿಸಿದ ರಾತ್ರಿಯೇ ಮಳೆ" ಅಂತ ಇತ್ತು. ಹೂ ಬಿಡಿಸಲು ಡೀಸೆಲ್ ಸುಟ್ಟು ನೀರು ಹಾಕಿದ್ದರು, ಅದೇ ರಾತ್ರಿ ಹೂಮಳೆ. ಲಾಗರಿನಲ್ಲಿ ಆ ಮಳೆ ರಾತ್ರಿ ಹನ್ನೊಂದಕ್ಕೆ ಶುರು. ಚಿಕ್ಕಮ್ಮನಿಗೆ ತೋರಿಸಿದೆ. "ಹೌದು, ನಾವು ಆಗಷ್ಟೇ ಮಲಗಿದ್ದೆವು. ನಿಮ್ಮ ಚಿಕ್ಕಪ್ಪ ಎದ್ದು ಕೂತು ಬೈಯ್ಯುತ್ತಿದ್ದರು" ಅಂದರು.

ಆ ಫೈಲಿನ ಸಾಲುಗಳ ಪಕ್ಕ ಒಂದು ಕಾಲಂ ಸೇರಿಸಿ "ಅಂದಾಜು" ಅಂತ ಬರೆದಿದ್ದೇನೆ, ಅರ್ಧ ಗಂಟೆ ಆಚೀಚೆ ಇರಬಹುದು. ಸೊನ್ನೆಗೆ ಬಿದ್ದ ತುಂಡಿಗೆ "ಹಿಂದಕ್ಕೆ ಎಳೆದದ್ದು". ಉಳಿದದ್ದಕ್ಕೆ ಏನೂ ಇಲ್ಲ. ಮೂಲ ಅಂಕಿಯನ್ನೂ ಒಂದು ಕಾಲಮಿನಲ್ಲಿ ಹಾಗೇ ಇಟ್ಟಿದ್ದೇನೆ. ನಾಳೆ ನನ್ನ ಲೆಕ್ಕ ತಪ್ಪು ಅಂತ ಗೊತ್ತಾದರೆ ಮತ್ತೆ ಪೆನ್‌ಡ್ರೈವ್ ಹುಡುಕುವುದು ಬೇಡ.

ಡಬ್ಬಿ ಮುಚ್ಚುವ ಮೊದಲು ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿದೆ: 2000ದ ಜನವರಿ 1ರಿಂದ ಸೆಕೆಂಡು, ಭಾರತದ ಸಮಯ, ದೊಡ್ಡ ಬೈಟ್ ಮೊದಲು, ಸಮಯ ಕಾಲು ಗಂಟೆಯ ಕೊನೆಯದು, ಸೆಲ್ ಹಾಕಿದ ತಾರೀಖು. ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಓದಿದರು. ನನ್ನ ಕೈಯಿಂದ ಪೆನ್ ತೆಗೆದುಕೊಂಡು ಕೆಳಗೆ "ಮಳೆ ದಿನ 8:30ಕ್ಕೆ" ಅಂತ ಸೇರಿಸಿದರು. ಆಮೇಲೆ ಹಲ್ಲಿ ಬರದ ಹಾಗೆ ತಂತಿಯ ತೂತಿಗೆ ಎಂಸೀಲ್ ಮೆತ್ತಿದೆವು.